ಸೋಮವಾರದ ಬ್ರೆಡ್ಡು

ಮೊನ್ನೆ ಭಾನುವಾರ ಮೊಮ್ಮಗಳು ಅಂಗಡಿಯಿಂದ ಸಣ್ಣದೊಂದು ಪೊಟ್ಟಣ ತಂದು, ಮೂಲೆ ಕತ್ತರಿಸಿ ಉಗುರುಬೆಚ್ಚಗಿನ ನೀರಿಗೆ ಸುರಿದಳು. ರಾಗಿಯಂಥ ಕಂದು ಕಾಳುಗಳು. ಸ್ವಲ್ಪ ಹೊತ್ತಿಗೆ ಲೋಟದಲ್ಲಿ ನೊರೆ ಎದ್ದು, ಹುಳಿಹುಳಿ ವಾಸನೆಯೊಂದು ನಮ್ಮ ಕಡೂರಿನ ಅಡುಗೆಮನೆಯನ್ನೆಲ್ಲ ತುಂಬಿತು. ಈಸ್ಟ್ ಅಂತೆ, ಬ್ರೆಡ್ಡು ಮಾಡುತ್ತಾಳಂತೆ. ಅವಳು ಹಾಡಿಕೊಳ್ಳುತ್ತಾ ಮೈದಾ ಕಲೆಸುತ್ತಿದ್ದರೆ ನನಗೆ ಇದ್ದಕ್ಕಿದ್ದಂತೆ ಸಿಟ್ಟು ಬಂತು. ಅವಳ ಮೇಲಲ್ಲ, ತರೀಕೆರೆಯ ದೊರೆಸಾನಿಯ ಮೇಲೆ.

ಐವತ್ತರ ದಶಕದ ಕೊನೆಯ ವರ್ಷಗಳು. ದೊರೆಸಾನಿ ಮತ್ತು ಅವರ ಗಂಡ ಸಮುದ್ರದಾಚೆಯಿಂದ ತಮ್ಮ ಧರ್ಮ ಸಾರಲೆಂದು ಬಂದವರು. ಸ್ವಾತಂತ್ರ್ಯ ಬಂದು ಎಷ್ಟೋ ವರ್ಷವಾಗಿದ್ದರೂ ಬಿಳಿಯರೆಂದರೆ ಊರಿನವರಿಗೆ ದೊರೆ, ದೊರೆಸಾನಿಯೇ. ದೊರೆ ಬೆಳಿಗ್ಗೆ ಸೈಕಲ್ ಹತ್ತಿ ಹಳ್ಳಿಗಳಿಗೆ ಹೋಗುತ್ತಿದ್ದರು. ಜನ ಅವರ ಮಾತನ್ನು ಮರ್ಯಾದೆಯಿಂದ ಕೇಳಿ, ಕೊಟ್ಟ ಹಾಳೆಯನ್ನು ಕಣ್ಣಿಗೊತ್ತಿಕೊಂಡು, ಸಂತೆಯಲ್ಲಿ ಅದರಲ್ಲೇ ಕಡಲೆಕಾಯಿ ಕಟ್ಟಿಸಿಕೊಳ್ಳುತ್ತಿದ್ದರು. ಬರೀ ಮಾತಿನಿಂದ ಯಾರ ಹೊಟ್ಟೆಯೂ ತುಂಬದು ಎಂದು ದೊರೆಸಾನಿ ಬಂಗಲೆಯ ಹಿಂದೆ ಇಟ್ಟಿಗೆಯ ಒಲೆ ಕಟ್ಟಿಸಿ ಬ್ರೆಡ್ಡಿನ ಕೆಲಸ ಶುರುಮಾಡಿದರು. ಕೆಲಸಕ್ಕೆ ಸೇರಿಸಿಕೊಂಡದ್ದು ಗಂಡಸರ ಕುಡಿತದಿಂದ ಮನೆ ಮುರಿದುಕೊಂಡ ಹೆಂಗಸರನ್ನು.

ನಾನೂ ಅವರಲ್ಲಿ ಒಬ್ಬಳು. ನನ್ನ ಗಂಡ ಈಚಲ ಹೆಂಡ ಕುಡಿದು ಕುಡಿದೇ ಹೋದ. ಕಂಕುಳಲ್ಲಿ ಮಗಳನ್ನು ಎತ್ತಿಕೊಂಡು ಅಜ್ಜಂಪುರದ ಹತ್ತಿರ ಭಾವನ ಮನೆ ಸೇರಿದೆ. ಆತನೂ ಅದೇ ಗಡಿಗೆಯ ಗಿರಾಕಿ. ಅಲ್ಲಿನ ತುತ್ತಿಗಿಂತ ಬೈಗುಳವೇ ದಪ್ಪ. ದೊರೆಸಾನಿ ನನಗೆ ಕೆಲಸ ಕೊಟ್ಟರು, ಬಂಗಲೆಯ ಹಿಂದೆ ಒಂದು ಕೋಣೆಯನ್ನೂ ಕೊಟ್ಟರು. ಬ್ರೆಡ್ಡಿನ ಒಲೆ ಉರಿದರೆ ನಾನೂ ಮಗಳೂ ತರೀಕೆರೆಯಲ್ಲಿ, ಆರಿದರೆ ಭಾವನ ಮನೆಯಲ್ಲಿ. ಆಗ ನನಗೆ ಅರ್ಥವಾಗುತ್ತಿದ್ದ ವ್ಯಾಪಾರ ಇಷ್ಟೇ.

ಆ ಕಾಲದಲ್ಲಿ ಬ್ರೆಡ್ಡು ಅಂದರೆ ಜ್ವರದ ಪಥ್ಯ. ನಾನು ಬುಟ್ಟಿ ಹೊತ್ತು ಬೀದಿಗೆ ಇಳಿದರೆ ಹೆಂಗಸರು ಬಾಗಿಲಿಗೆ ಬಂದು, ಯಾರ ಮನೆಯಲ್ಲಿ ಕಾಯಿಲೆ ಎಂದು ಕೇಳುತ್ತಿದ್ದರು. ಅದರಲ್ಲಿ ಮೊಟ್ಟೆ ಇದೆ ಎಂದು ಒಬ್ಬರು, ತಿಂದರೆ ಜಾತಿ ಹೋಗುತ್ತದೆ ಎಂದು ಇನ್ನೊಬ್ಬರು. ಊರಿಗೆ ಫ್ಲೂ ಬಂದಾಗ ಮಾತ್ರ ನಮ್ಮ ಬುಟ್ಟಿ ಖಾಲಿಯಾಗುತ್ತಿತ್ತು. ಆಗ ಜ್ವರ ಇಳಿಯಲೆಂದು ದೊರೆಸಾನಿ ಪ್ರಾರ್ಥಿಸುತ್ತಿದ್ದರು. ಇನ್ನೆರಡು ದಿನ ಇರಲಿ ಎಂದು ನಾವು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆವು.

ಬ್ರೆಡ್ಡು ಕೊಯ್ಯುವಾಗ ಮಾತ್ರ ದೊರೆಸಾನಿಯದು ಒಂದು ಪದ್ಧತಿ. ಮೆತ್ತಗಿನ ನಡುಭಾಗವನ್ನು ನಮ್ಮ ಮಕ್ಕಳಿಗೆ ಕೊಟ್ಟು, ಗಟ್ಟಿಯಾದ ತುದಿಯನ್ನು ತಾವು ತಿನ್ನುತ್ತಿದ್ದರು. ತಮಗೆ ತುದಿಯೇ ಇಷ್ಟ ಅನ್ನುತ್ತಿದ್ದರು. ನಿಜವಾಗಿಯೂ ಇಷ್ಟವಿತ್ತೋ ಏನೋ... ಕೇಳಲಿಲ್ಲ.

ಮೊಸರಿಗೆ ಹೆಪ್ಪು ಇದ್ದಂತೆ ಬ್ರೆಡ್ಡಿಗೂ ಒಂದು ಹೆಪ್ಪು ಬೇಕು. ದೊರೆಸಾನಿಯದು ಆಲೂಗೆಡ್ಡೆಯ ಹೆಪ್ಪು. ಆಲೂಗೆಡ್ಡೆ ಬೇಯಿಸಿ ಕಿವುಚಿ, ಸಕ್ಕರೆ ಬೆರೆಸಿ, ಪಿಂಗಾಣಿ ಜಾಡಿಯಲ್ಲಿ ಹುಳಿಯಲು ಬಿಡುತ್ತಿದ್ದರು. ಅದಕ್ಕೆ ದಿನವೂ ಒಂದಿಷ್ಟು ಹಿಟ್ಟು ಉಣಿಸಬೇಕು. ಉಣಿಸದಿದ್ದರೆ ನಮ್ಮ ಸೆಕೆಗೆ ಅದು ಕೆಟ್ಟ ಹುಳಿಯಾಗಿ ಸೊರಗುತ್ತದೆ, ಮತ್ತೆ ಉಣಿಸಿದರೆ ಚೇತರಿಸಿಕೊಳ್ಳಲು ಒಂದು ದಿನ ಬೇಕು. ಆದರೆ ಭಾನುವಾರ ಅವರ ದೇವರ ದಿನ, ಅಂದು ಯಾವ ಕೆಲಸವೂ ಕೂಡದು. ಜಾಡಿಗೂ ಅಂದು ಉಪವಾಸ. ಹಾಗಾಗಿ ಮಂಗಳವಾರದಿಂದ ಶನಿವಾರದವರೆಗೆ ಹತ್ತಿಯಂತಿರುತ್ತಿದ್ದ ಬ್ರೆಡ್ಡು ಸೋಮವಾರ ಮಾತ್ರ ಇಟ್ಟಿಗೆಯಾಗುತ್ತಿತ್ತು.

ಬೀರೂರು ಜಂಕ್ಷನ್ನಿನಲ್ಲಿ ಟೀ-ತಿಂಡಿಯ ಗುತ್ತಿಗೆ ಹಿಡಿದಿದ್ದ ಸಾಹೇಬರೊಬ್ಬರು ನಮ್ಮ ಬ್ರೆಡ್ಡು ತಿಂದು ಮೆಚ್ಚಿದರು. ರೈಲಿನಲ್ಲಿ ಹೋಗುವವರಿಗೆ ದಿನವೂ ಬೇಕು, ಬೆಳಗಿನ ಗಾಡಿಗೆ ಬುಟ್ಟಿ ಕಳಿಸಿ, ಒಂದು ತಿಂಗಳು ನೋಡೋಣ ಎಂದರು. ನಮಗೆ ಸ್ವರ್ಗಕ್ಕೆ ಮೂರೇ ಗೇಣು. ಜಂಕ್ಷನ್ನಿನ ವ್ಯಾಪಾರ ಕುದುರಿದರೆ ಜ್ವರದ ದಾರಿ ಕಾಯಬೇಕಿಲ್ಲ. ಮಗಳನ್ನು ತರೀಕೆರೆಯ ಶಾಲೆಗೇ ಸೇರಿಸಬಹುದು ಎಂದು ನಾನು ಲೆಕ್ಕ ಹಾಕಿದೆ.

ಮೊದಲ ಸೋಮವಾರ ಸಾಹೇಬರು ಸುಮ್ಮನಿದ್ದರು. ಎರಡನೆಯದಕ್ಕೆ ಬುಟ್ಟಿಯನ್ನು ಹಾಗೇ ವಾಪಸ್ಸು ಕಳಿಸಿದರು. ಮೂರನೆಯದಕ್ಕೆ ತಾವೇ ಗಾಡಿ ಹತ್ತಿ ಬಂದು, ಒಂದು ಬ್ರೆಡ್ಡನ್ನು ಮೇಜಿನ ಮೇಲೆ ಕುಟ್ಟಿ ತೋರಿಸಿದರು.

"ಅಮ್ಮಾ, ಕಲ್ಲು ಬೇಕಂದ್ರೆ ನಮ್ಮ ಲೈನ್ ಉದ್ದಕ್ಕೂ ಬಿದ್ದೈತೆ. ನಂಗೆ ಬೇಕಾಗಿರೋದು ಬ್ರೆಡ್ಡು. ವಾರಕ್ಕೆ ಏಳು ದಿನಾನೂ ಗಾಡಿ ಓಡ್ತದೆ, ಭಾನುವಾರ ಹೆಂಗೋ ಸುಧಾರಿಸ್ಕೊಂಡೆ. ಇನ್ನೊಂದು ಸೋಮವಾರ ನೋಡ್ತೀನಿ, ಅಷ್ಟೇ."

ಅವರು ಹೋದ ಮೇಲೆ ನಾನು ದೊರೆಸಾನಿಯ ಮುಂದೆ ನಿಂತೆ. ಭಾನುವಾರ ಜಾಡಿಗೆ ನಾನು ಹಿಟ್ಟು ಹಾಕುತ್ತೇನೆ, ನಾನೇನು ನಿಮ್ಮ ಧರ್ಮಕ್ಕೆ ಸೇರಿದವಳಲ್ಲ, ಪಾಪ ಬಂದರೆ ನನಗೇ ಬರಲಿ ಎಂದೆ. ತಾವು ಮಾಡಬಾರದ್ದನ್ನು ಇನ್ನೊಬ್ಬರ ಕೈಯಲ್ಲಿ ಮಾಡಿಸುವುದು ಇನ್ನೂ ದೊಡ್ಡ ತಪ್ಪು ಎಂದು ಅವರು ತಣ್ಣಗೆ ಹೇಳಿದರು. ಅಗ್ರಹಾರದ ಮಡಿಯನ್ನು ನಾನು ಕಂಡವಳು. ಈ ಮಡಿಯ ಮುಂದೆ ಅದು ಏನೇನೂ ಅಲ್ಲ.

ನಮ್ಮಲ್ಲಿ ಹಿರಿಯ ಹೆಂಗಸೊಬ್ಬಳಿದ್ದಳು. ಹಿಟ್ಟು ನಾದುವುದರಲ್ಲಿ ಎತ್ತಿದ ಕೈ. ಅವಳು ಮೆಲ್ಲಗೆ ಇನ್ನೊಂದು ದಾರಿ ತೆಗೆದಳು. "ಈಚಲ ಹೆಂಡ ಒಂದು ಚೆಂಬು ಹಾಕಿದ್ರೆ ಸೋಮವಾರನೂ ಉಬ್ತೈತೆ ಕಣಮ್ಮ. ಪ್ಯಾಟೆ ಬೇಕರಿಯೋರೆಲ್ಲಾ ಅದನ್ನೇ ಹಾಕೋದು."

ದೊರೆಸಾನಿಗೂ ಅದು ಗೊತ್ತಿತ್ತು. ಮುಖ ಕೆಂಪಗಾಯಿತು. ಅವರು ಕನ್ನಡ ಕಲಿತದ್ದು ಪುಸ್ತಕದಿಂದ, ಸಿಟ್ಟು ಬಂದರೂ ಅದೇ ಕನ್ನಡ. "ಅದು ಈ ಮನೆಯೊಳಗೆ ಬರತಕ್ಕದ್ದಲ್ಲ" ಎಂದರು.

ನನಗೆ ತಡೆಯಲಾಗಲಿಲ್ಲ. "ನಾವೇನು ಕುಡಿಯಾಕೆ ಕೇಳ್ತಾ ಇದ್ದೀವಾ? ಒಲೆ ಒಳಗೆ ಹೋದ್ಮೇಲೆ ಹೆಂಡ ಎಲ್ಲಿರ್ತದೆ ಅಮ್ಮಾ?"

ಅವರ ಕಣ್ಣಲ್ಲಿ ನೀರು ತುಂಬಿತು. "ನಿನ್ನ ಗಂಡನನ್ನು ಕೊಂದದ್ದನ್ನು ನಿನ್ನ ಕೈಯಿಂದಲೇ ಕಲೆಸಿಸಲಾರೆನು" ಎಂದರು.

ಗಂಡ ಹೋದದ್ದು ನನಗೆ, ಅಳು ಅವರಿಗೆ. ಹೆಂಡದಿಂದ ಕೆಟ್ಟವರು ನಾವೇ ಅದರಿಂದ ನಾಲ್ಕು ಕಾಸು ದುಡಿಯಲು ತಯಾರಿದ್ದೆವು. ಅದು ನಮಗೆ ಮಾಡಿದ ಅನ್ಯಾಯಕ್ಕೆ ಸ್ವಲ್ಪ ಬಾಡಿಗೆ ವಸೂಲಿ ಮಾಡಿದಂತಾಗುತ್ತಿತ್ತು. ನಮಗಿಲ್ಲದ ಹೇಸಿಗೆ ಅವರಿಗೆ! ಎಷ್ಟು ಹೇಳಿದರೂ ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ಸೋಮವಾರದ ಮುಂಜಾನೆ ಒಲೆಯ ಮುಂದೆ ಮಂಡಿಯೂರಿ ಉದ್ದನೆಯ ಪ್ರಾರ್ಥನೆ ಮಾಡಿದರು. ನಾವೂ ಕೈ ಮುಗಿದೆವು, ನಮ್ಮ ನಮ್ಮ ಮನೆದೇವರಿಗೆ. ಯಾವ ದೇವರೂ ಹಿಟ್ಟಿನ ಗೊಡವೆಗೆ ಬರಲಿಲ್ಲ. ಇಟ್ಟಿಗೆಗಳನ್ನು ಬುಟ್ಟಿಗೆ ತುಂಬಿ ಬೀರೂರಿಗೆ ಕಳಿಸಿದೆವು. ಮಂಗಳವಾರದಿಂದ ಬುಟ್ಟಿ ಬೇಡವೆಂದು ಸಾಹೇಬರು ಹೇಳಿ ಕಳಿಸಿದರು.

ಮಳೆಗಾಲ ಮುಗಿಯುವಷ್ಟರಲ್ಲಿ ಒಲೆ ಆರಿತು. ದೊರೆಯನ್ನೂ ದೊರೆಸಾನಿಯನ್ನೂ ಮಿಷನ್ನಿನವರು ಅವರ ದೇಶಕ್ಕೆ ವಾಪಸ್ಸು ಕರೆಸಿಕೊಂಡರು. ಹೊರಡುವ ದಿನ ತರೀಕೆರೆ ಸ್ಟೇಷನ್ನಿನಲ್ಲಿ ದೊರೆಸಾನಿ ನನ್ನ ಮಗಳ ತಲೆಯ ಮೇಲೆ ಕೈಯಿಟ್ಟು, "ಹೆಂಡವು ಇನ್ನೆಂದಿಗೂ ನಿಮ್ಮ ಹತ್ತಿರಕ್ಕೆ ಬಾರದಿರಲಿ" ಎಂದು ಹರಸಿದರು. ಮನಸ್ಸಿನಿಂದಲೇ ಹರಸಿದರು, ಅದರಲ್ಲಿ ನನಗೆ ಅನುಮಾನವಿಲ್ಲ. ನಾವು ಇನ್ನು ಎಲ್ಲಿಗೆ ಹೋಗುತ್ತೇವೆ ಎಂದು ಮಾತ್ರ ಕೇಳಲಿಲ್ಲ...

ನಾವು ಹೋದದ್ದು ಅಜ್ಜಂಪುರದ ಕಡೆಗೆ. ಭಾವ ಒಳಗೆ ಬಿಟ್ಟುಕೊಂಡ. ನನ್ನ ಪಾಲಿಗೆ ಬಂದ ಕೆಲಸಗಳಲ್ಲಿ ಒಂದು, ಸಂಜೆ ಈಚಲ ತೋಪಿಗೆ ಹೋಗಿ ಆತನಿಗೆ ಹೆಂಡ ತರುವುದು. ಸೊಂಟದ ಮೇಲೆ ಗಡಿಗೆ, ಅದರ ಬಾಯಿಗೆ ಕಟ್ಟಿದ ಬಟ್ಟೆಯ ಸಂದಿನಿಂದ ಉಕ್ಕುವ ನೊರೆ, ಸೀರೆಗೆಲ್ಲ ಅದರ ಹುಳಿ ವಾಸನೆ. ಮಗಳು ಓದಿ ಟೀಚರಾಗಿ ನನ್ನನ್ನು ಕಡೂರಿಗೆ ಕರೆದುಕೊಂಡು ಬರುವವರೆಗೂ ಆ ಗಡಿಗೆ ಹೊತ್ತೆ. ಒಂದು ಚೆಂಬನ್ನು ಆ ಒಲೆಯ ಹತ್ತಿರ ತರಲು ಬಿಡದವರು, ಗಡಿಗೆಗಟ್ಟಲೆ ಹೊರುವ ಹಾಗೆ ಮಾಡಿ ಹೋದರು. ಎಷ್ಟೋ ಸಂಜೆ ದಾರಿಯುದ್ದಕ್ಕೂ ಅವರನ್ನು ಬೈದಿದ್ದೇನೆ. ಬೈಯುತ್ತಲೇ ಅತ್ತದ್ದೂ ಉಂಟು.

ದೊರೆಸಾನಿ ತಮ್ಮ ಊರಿನಲ್ಲಿ ತೀರಿಕೊಂಡರೆಂದು ತರೀಕೆರೆಯ ಪಾದ್ರಿಯೊಬ್ಬರು ಬಸ್ಸಿನಲ್ಲಿ ಸಿಕ್ಕಾಗ ಹೇಳಿದರು. ಅದಕ್ಕೂ ಎಷ್ಟೋ ವರ್ಷವಾಯಿತು. ಆ ದಿನ ನನಗೆ ದುಃಖಕ್ಕಿಂತ ಮೊದಲು ಬಂದದ್ದು, ಇನ್ನು ಯಾರ ಹತ್ತಿರ ಜಗಳವಾಡಲಿ ಎಂಬ ಯೋಚನೆ.

ಮೊಮ್ಮಗಳ ಹಿಟ್ಟು ಮುಚ್ಚಿದ ಬಟ್ಟೆಯನ್ನೇ ಎತ್ತಿಕೊಂಡು ಉಬ್ಬಿತು. ಸಂಜೆಗೆ ಬ್ರೆಡ್ಡು ಬೆಂದು, ಮನೆಯವರೆಲ್ಲ ಬಿಸಿಬಿಸಿಯಾಗಿ ತಿಂದರು. ನನಗೂ ನಡುಭಾಗದ ಒಂದು ಹೋಳು ಕೊಟ್ಟಳು. ತುಂಬಾ ಚೆನ್ನಾಗಿತ್ತು. ತಟ್ಟೆಯಲ್ಲಿ ಕೊನೆಗೆ ಉಳಿದದ್ದು ತುದಿ ಒಂದೇ. ಗಟ್ಟಿ, ಯಾರಿಗೂ ಬೇಡ, ಬಿಸಾಡಲಾ ಎಂದು ಕೇಳಿದಳು. ಇರಲಿ ಬಿಡು ಎಂದೆ. ರಾತ್ರಿ ಅಡುಗೆಮನೆಯ ದೀಪ ಆರಿಸುವಾಗಲೂ ಅದು ತಟ್ಟೆಯಲ್ಲಿ ಹಾಗೇ ಇತ್ತು.