ಹೊಸ ಉಡದಾರ

ಕಳೆದ ವರ್ಷ ದೀಪಾವಳಿ ಪಾಡ್ಯದ ಬೆಳಿಗ್ಗೆ ಕಮಲಾಪುರದ ನಮ್ಮ ಮನೆಯ ಎತ್ತುಗಳನ್ನು ಕಾಲುವೆಯಲ್ಲಿ ತೊಳೆದೆವು. ಕಿವಿಯ ಸಂದಿಯಲ್ಲಿ, ಬಾಲದ ಬುಡದಲ್ಲಿ ಕಚ್ಚಿಕೊಂಡ ಉಣ್ಣಿಗಳನ್ನು ಕಿತ್ತು ತೆಗೆಯುವುದು ಮೊದಲಿನಿಂದಲೂ ಮಕ್ಕಳ ಕೆಲಸ. ನನ್ನ ತಮ್ಮನ ಆರು ವರ್ಷದ ಮಗಳು ಅವನ್ನು ಲಂಗದ ಮಡಿಲಲ್ಲಿ ಕೂಡಿಸಿಕೊಂಡು, "ನನ್ನವ ಭಾಳ ಅದಾವ ನೋಡ್ರಲೇ!" ಎಂದು ಕುಣಿಯುತ್ತಿದ್ದಳು.

ಹಬ್ಬ ಮುಗಿದು ವಾರ ಕಳೆಯುವುದರೊಳಗೆ ಅವಳಿಗೆ ಜ್ವರ ಬಂತು. ರಕ್ತಪರೀಕ್ಷೆಯಲ್ಲಿ ಡೆಂಗಿ ಇಲ್ಲವೆಂದಾಯಿತು. ಆದರೂ ಜ್ವರ ಬಿಡಲಿಲ್ಲ. ಮೈಮೇಲೆ ಕೆಂಪು ಚುಕ್ಕೆಗಳೆದ್ದವು. ಅವ್ವ ಬೇವಿನ ಸೊಪ್ಪು ತಂದು ಹಾಸಿಗೆಯ ಮೇಲೆ ಹರಡಿದಳು.

"ಅಮ್ಮ ಬಂದಾಳ. ಇನ್ನ ಸೂಜಿ, ಗುಳಿಗಿ ಬ್ಯಾಡ."

ಮೊಮ್ಮಗಳ ಸೊಂಟದ ಉಡದಾರಕ್ಕೆ ತಾಯಿತ ಕಟ್ಟಿ, ಅಮ್ಮ ಇಳಿದು ಹೋಗುವ ತನಕ ಅದನ್ನು ಯಾರೂ ಮುಟ್ಟಬಾರದೆಂದಳು.

ಮರುದಿನ ಎಷ್ಟು ಕರೆದರೂ ಮಗು ಕಣ್ಣು ಬಿಡಲಿಲ್ಲ. ತಮ್ಮ ಅವಳನ್ನು ಎತ್ತಿಕೊಂಡು ಬಂದು ನನ್ನ ಕಾರಿನಲ್ಲಿ ಕುಳಿತ. ಅವ್ವ ಬೈಯುತ್ತಲೇ ಬೇವಿನ ಸೊಪ್ಪಿನ ಸಮೇತ ಹತ್ತಿದಳು.

ಹೊಸಪೇಟೆಯ ಮಕ್ಕಳ ವೈದ್ಯೆ ಅಂಗೈ, ಅಂಗಾಲು ತಿರುಗಿಸಿ ನೋಡಿದರು. ಅಲ್ಲೂ ಚುಕ್ಕೆಗಳಿದ್ದವು. ಅವರು ಕುರ್ಚಿಯಿಂದ ಎದ್ದೇಬಿಟ್ಟರು.

"ಮನ್ಯಾಗ ದನ ಅದಾವೇನ್ರಿ? ಈಕಿಗೆ ಉಣ್ಣಿ ಏನಾರ ಕಚ್ಚಿತ್ತಾ?"

"ಕಚ್ಚಿದ್ದು ಗೊತ್ತಿಲ್ರಿ. ಈಕಿನ ಅವನ್ನ ಮಡಿಲ ತುಂಬ ಹಿಡದಿದ್ಲು," ಎಂದ ತಮ್ಮ.

"ಹಂಗಾದ್ರ ಮೈಯೆಲ್ಲ ನೋಡಬೇಕು. ಆ ಉಡದಾರ ತೆಗೀರಿ."

ಅವ್ವ ಅಡ್ಡ ಬಂದಳು. "ಬ್ಯಾಡ್ರಿ ಡಾಕ್ಟ್ರವ್ವಾ. ಕೂಸಿನ ಸೊಂಟ ಬರಿದು ಮಾಡಂಗಿಲ್ಲ."

"ಹೊಸಾದು ಕಟ್ಟಿ ಹಳೇದು ತೆಗದ್ರ ನಡೀತೈತೇನು?" ಎಂದರು ವೈದ್ಯೆ.

ಅವ್ವ ಮೊಮ್ಮಗಳ ಮುಖ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಏನ್ ನೋಡ್ತಿ ನಿಂತು? ಓಡಲೇ! ಕರೇ ಉಡದಾರ ತಗೊಂಬಾ!" ಎಂದಳು.

ಓಡಿದೆ. ಒಂದು ಚಪ್ಪಲಿ ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಉಳಿಯಿತು. ಬಳೆ ಅಂಗಡಿಯವನು ನಿಧಾನವಾಗಿ ಡಬ್ಬಿ ತೆರೆದು, "ಎಷ್ಟು ದೊಡ್ಡ ಕೂಸ್ರಿ?" ಎಂದು ಕೇಳಿದ.

"ಯಾವುದಾರ ಕೊಡಪ್ಪಾ, ಜಲ್ದಿ!"

ಅವ್ವ ಹೊಸದನ್ನು ಕಟ್ಟಿ ಹಳೆಯದನ್ನು ಕತ್ತರಿಸಿದಳು. ತಾಯಿತ ಕುಳಿತಿದ್ದ ಜಾಗದಲ್ಲಿ ಮೆಣಸಿನ ಕಾಳಿನಷ್ಟು ಕಪ್ಪು ಹಕ್ಕಳೆಯಿತ್ತು, ಸುತ್ತ ಕೆಂಪು.

"ಸಿಕ್ತು!" ಎಂದು ವೈದ್ಯೆ ಕೂಗಿದರು. ಹೊರಗೆ ಕುಳಿತವರೂ ಬಾಗಿಲಿಂದ ಇಣುಕಿದರು. "ಇದು ಅಮ್ಮ ಅಲ್ಲಜ್ಜಿ, ಉಣ್ಣಿ ಜ್ವರ. ಇದಕ್ಕ ಔಷಧ ಐತಿ. ಈಗಿಂದೀಗ ಶುರು ಮಾಡ್ತೀನಿ."

"ಮತ್ತ ಮಾಡ್ರಿ! ಮಾತಾಡ್ಕೋಂತ ನಿಂತೀರಲ್ಲ!"

ಎರಡನೇ ದಿನ ಜ್ವರ ಇಳಿಯಿತು. ಮಗು ಎದ್ದು ಕುಳಿತು ಮಿರ್ಚಿ ಭಜಿ ಬೇಕೆಂದು ಹಟ ಹಿಡಿಯಿತು. ತಮ್ಮ ವಾರ್ಡಿನಲ್ಲೇ ಜೋರಾಗಿ ನಕ್ಕ, ನರ್ಸ್ ಗದರಿದರು, ಅವನು ಇನ್ನೂ ಜೋರಾಗಿ ನಕ್ಕ.

ಈ ವರ್ಷದ ಪಾಡ್ಯಕ್ಕೂ ಎತ್ತುಗಳನ್ನು ತೊಳೆದೆವು. ಉಣ್ಣಿಗಳನ್ನು ದೊಡ್ಡವರೇ ಚಿಮಟದಿಂದ ತೆಗೆದರು. ಕಾಲುವೆಯಿಂದ ಬಂದ ಮೊಮ್ಮಗಳನ್ನು ಅವ್ವ ಬಚ್ಚಲಿಗೆ ಕರೆದೊಯ್ದು, ಉಡದಾರ ಎತ್ತಿ ಸೊಂಟದ ಸುತ್ತಲೂ ನೋಡಿದಳು. ಏನೂ ಇರಲಿಲ್ಲ.