ಶಂಖ ತಪ್ಪಿದರೆ ಊರಿಗೆಲ್ಲ ಗಂಜಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬರೆದುಕೊಳ್ಳಲು ಪುಸ್ತಕ ಹಿಡಿದು ತೆಂಗಿನ ಬುಡದಲ್ಲಿ ಕತ್ತು ಉದ್ದ ಮಾಡಿಕೊಂಡು ನಿಂತಿದ್ದೇನೆ. ತಲೆಯ ಮೇಲೆ ಎಲ್ಲೋ ಗೊಗ್ಗರು ದನಿಯ ಒಂದು ಪ್ರೇಮಗೀತೆ ಸಾಗಿದೆ. ಪಲ್ಲವಿ ಒಂದು ಮರದಿಂದ ಕೇಳಿಸಿದರೆ ಚರಣ ಪಕ್ಕದ ಮರದಿಂದ ಬರುತ್ತದೆ. ಹಾಡುವವರು ನಡುವೆ ಕೆಳಗಿಳಿಯುವುದೇ ಇಲ್ಲ. ಮರದಿಂದ ಮರಕ್ಕೆ ಎರಡೆರಡು ಬಿದಿರಿನ ಗಳ ಕಟ್ಟಿದೆ, ಒಂದು ಕಾಲಿಗೆ, ಇನ್ನೊಂದು ಕೈಗೆ. ಸೊಂಟದಲ್ಲಿ ಕತ್ತಿ, ಬೆನ್ನಿಗೆ ಕಳ್ಳಿನ ಅಂಡೆ ಕಟ್ಟಿಕೊಂಡು ಅವರು ಅದರ ಮೇಲೆ ಸಂತೆಗೆ ಹೊರಟವರ ಹಾಗೆ ನಡೆದುಹೋಗುತ್ತಾರೆ. ಬಿದ್ದರೆ ಹಿಡಿಯುವವಳ ಹಾಗೆ ನಾನು ಅವರ ಕೆಳಗೇ ಹೆಜ್ಜೆ ಹಾಕುತ್ತೇನೆ.

"ಅಲ್ಲಿ ನಿಲ್ಬೇಡಿ ಮೇಡಂ! ನಾನು ಬೀಳಲ್ಲ, ಕಾಯಿ ಬೀಳ್ತದೆ!"

ಇವರು ಕಾ ಉಸ್ತೆಂಗ್. ಹಿರಿಯರ ಹೆಸರಿನ ಮುಂದೆ 'ಕಾ' ಎನ್ನದೆ ಕರೆದರೆ ನಮ್ಮಲ್ಲಿ ಬೈಗುಳ ಗ್ಯಾರಂಟಿ. ವಯಸ್ಸು ಅರವತ್ತಾರು. ಮೂವತ್ತೆಂಟು ಮರ, ದಿನಕ್ಕೆರಡು ಹೊತ್ತು. ಬೆಳಿಗ್ಗೆ ಹೊಂಬಾಳೆಯ ತುದಿ ಕೆತ್ತಿ ಕಳ್ಳು ಇಳಿಸುತ್ತಾರೆ, ಸಂಜೆ ಮತ್ತೆ ಕೆತ್ತಿ ಅಂಡೆ ಕಟ್ಟುತ್ತಾರೆ. ಅರ್ಧ ಕಳ್ಳು ಭಟ್ಟಿಗೆ ಹೋಗುತ್ತದೆ. ಉಳಿದರ್ಧವನ್ನು ಹೆಂಡತಿ ಲುಮೆಂಗ್ ಜಾಡಿಗಳಲ್ಲಿ ಹುಳಿಯಾಗಿಸಿ ವಿನೆಗರ್ ಮಾಡುತ್ತಾರೆ. ಆ ವಿನೆಗರ್ ಬೀಳದ ಮೀನು ನಮ್ಮೂರಲ್ಲಿ ಯಾರ ಗಂಟಲಲ್ಲೂ ಇಳಿಯುವುದಿಲ್ಲ.

ಇದು ಹೊಟ್ಟೆಪಾಡು. ಹೊಟ್ಟೆಗೆ ಬಾರದ ಇನ್ನೊಂದು ಕೆಲಸ ಮೂವತ್ತೊಂದು ವರ್ಷ ಅವರ ಕೊರಳಲ್ಲಿ ನೇತಾಡಿತು: ಒಂದು ಶಂಖ. ಕಳೆದ ಭಾನುವಾರದಿಂದ ಅದು ಮಗಳು ಪೆಲ್ಯಾಳ ಕೊರಳಲ್ಲಿದೆ. ಊರಿನ ತಲೆನೋವು ಶುರುವಾಗಿದ್ದೂ ಅಲ್ಲಿಂದಲೇ.

ನಮ್ಮ ಬಿನಲೋಯ್ ಅಂದರೆ ಬೆಟ್ಟಕ್ಕೂ ಕಡಲಿಗೂ ನಡುವೆ ಸಿಕ್ಕಿಕೊಂಡ ಅಂಗೈಯಗಲದ ಊರು. ಮೊದಲು ಎಲ್ಲರೂ ಮರಳ ಮೇಲೇ ಇದ್ದರು, ಇಗರ್ಜಿಯೂ ಅಲ್ಲೇ ಇತ್ತು. ಸ್ಪೇನಿನವರು ನಮ್ಮನ್ನು ಆಳುತ್ತಿದ್ದ ಕಾಲದಲ್ಲಿ ಕಡಲುಗಳ್ಳರು ಎರಡು ಸಲ ಬಂದು ಬೆಂಕಿ ಇಟ್ಟರು, ಸಿಕ್ಕವರನ್ನು ದೋಣಿಗೆ ತುಂಬಿಕೊಂಡು ಹೋದರು. ಉಳಿದವರು ಇಗರ್ಜಿಯ ಒಂದೊಂದು ಕಲ್ಲನ್ನೂ ಹೊತ್ತು ಗುಡ್ಡ ಹತ್ತಿದರು. ಮೇಲೂರು ಹುಟ್ಟಿದ್ದು ಹಾಗೆ. ಆದರೆ ಗುಡ್ಡದ ಮೇಲೆ ಮೀನು ಸಿಗುತ್ತದೆಯೇ? ಒಂದೆರಡು ತಲೆಮಾರಿನಲ್ಲಿ ಅರ್ಧ ಊರು ವಾಪಸ್ ಇಳಿದು ಬಲೆ ಹಾಕಿತು, ಅದು ಕೆಳಗೂರು. "ಊಟ ಕೆಳಗೆ, ದೇವರು ಮೇಲೆ" ಎನ್ನುವುದು ನಮ್ಮವರ ಮಾತು. ತಾಪತ್ರಯ ಏನೆಂದರೆ, ಕಡಲ ಗಾಳಿ ಇಗರ್ಜಿಯ ಗಂಟೆಯ ಸದ್ದನ್ನು ಬೆಟ್ಟದಾಚೆಗೆ ಒಯ್ದುಬಿಡುತ್ತದೆ, ಕೆಳಗೂರಿಗೆ ಕೇಳಿಸುವುದಿಲ್ಲ. ಅದಕ್ಕೇ ನಡು ಇಳಿಜಾರಿನ ಈ ತೆಂಗಿನ ತೋಪಿನಲ್ಲಿ ಕಳ್ಳು ಇಳಿಸುವವರ ಕೊರಳಿಗೆ ಶಂಖ ಬಿತ್ತು. ದೂರದ ದೋಣಿ ಮೊದಲು ಕಾಣುವುದು ಅವರಿಗೇ ತಾನೆ?

ಕಡಲುಗಳ್ಳರು ಹೋದರು, ಕಡಲು ಹೋಗಲಿಲ್ಲ. ಶಂಖವೂ ಉಳಿಯಿತು. ಪುರಸಭೆಯ ಸೈರನ್ ಇದೆ, ಉಪ್ಪುಗಾಳಿಗೆ ಅದರ ಗಂಟಲು ಕಟ್ಟಿ ಎಷ್ಟೋ ಕಾಲವಾಯಿತು. ಮೊಬೈಲಿಗೆ ಗುಡ್ಡದ ಮರೆಯಲ್ಲಿ ಸಿಗ್ನಲ್ ಇಲ್ಲ. ಶಂಖದ ಕಾನೂನು ಮಾತ್ರ ಮಗುವಿಗೂ ಗೊತ್ತು: ಮೊದಲು ಗುಡ್ಡ ಹತ್ತು, ಆಮೇಲೆ ಕೇಳು. ಊದಿದವರು ಕಟ್ಟಕಡೆಯವರು ಹತ್ತುವ ತನಕ ಮರ ಬಿಟ್ಟು ಇಳಿಯುವಂತಿಲ್ಲ. ಮತ್ತೆ, ಊದಿದ್ದು ತಪ್ಪಾದರೆ ಹತ್ತಿದವರಿಗೆಲ್ಲ ಇಗರ್ಜಿಯ ಅಂಗಳದಲ್ಲಿ ಬಿಸಿ ಬಿಸಿ ಶುಂಠಿ ಗಂಜಿ ಕಾಯಿಸಿ ಬಡಿಸಬೇಕು.

ಕಾ ಉಸ್ತೆಂಗ್ ಮೂರು ಸಲ ಗಂಜಿ ಕಾಯಿಸಿದ್ದಾರೆ. "ಮೊದಲ್ನೇ ಸಲ ಸಾಲಾಗಿ ದೀಪ ಕಾಣ್ತು. ಕಳ್ಳರೇ ಬಂದ್ರು ಅಂತ ಊದೇಬಿಟ್ಟೆ. ನೋಡಿದ್ರೆ ಪಕ್ಕದೂರಿನವರು ಮೀನು ಹಿಡಿಯೋಕೆ ಬಂದಿದ್ರು!" ಎಂದು ಅವರೇ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಇನ್ನೆರಡು ಸಲ ಮೋಡ ಮೋಸ ಮಾಡಿತು. ನಾಲ್ಕನೆಯದು ನಗುವ ವಿಷಯವಾಗಿರಲಿಲ್ಲ. ಎಲ್ಲೋ ಕಡಲಡಿಯಲ್ಲಿ ನೆಲ ನಡುಗಿ, ನಮ್ಮ ದಂಡೆಯ ನೀರು ಸದ್ದಿಲ್ಲದೆ ಹಿಂದೆ ಸರಿದಿತ್ತು. ನೀರಿನ ಇಳಿತದಲ್ಲೂ ಬೆನ್ನು ಮಾತ್ರ ತೋರಿಸುವ, ಕೋಣನ ಆಕಾರದ ಕೋಣಬಂಡೆ ಅವತ್ತು ನಾಲ್ಕೂ ಕಾಲಿನ ಮೇಲೆ ನಿಂತಿತ್ತು. ಅವರು ಊದಿದರು, ಊರು ಹತ್ತಿತು, ನೀರು ಬಂದು ಕೆಳಗೂರಿನ ಕಿಟಕಿಯವರೆಗೆ ನಿಂತಿತು. ಒಂದು ಜೀವವೂ ಹೋಗಲಿಲ್ಲ. ಹೋಗಿದ್ದು ಮೀನು ವ್ಯಾಪಾರಿ ದೋರೋನ ಕಾಳಗದ ಹುಂಜ ಒಂದೇ. ಅದರ ದುಃಖ ಅವನು ಇವತ್ತಿಗೂ ಮರೆತಿಲ್ಲ, ನಮ್ಮನ್ನೂ ಮರೆಯಲು ಬಿಟ್ಟಿಲ್ಲ.

ಈಗ ಕಾ ಉಸ್ತೆಂಗರ ಕಣ್ಣಿಗೆ ಪೊರೆ ಬಂದಿದೆ. ಹೊಂಬಾಳೆ ಕೈಗೆ ಗೊತ್ತು, ಬಿದಿರು ಕಾಲಿಗೆ ಗೊತ್ತು, ಕಡಲು ಮಾತ್ರ ಬರೀ ಬಿಳಿ. ಪೆಲ್ಯಾ ಹನ್ನೆರಡು ವರ್ಷದಿಂದ ಅಪ್ಪನ ಜೊತೆ ಮರ ಹತ್ತುವವಳು, ಎರಡು ಮಕ್ಕಳ ತಾಯಿ, ಬಾಯಿ ಜೋರು. ಆದರೂ ಭಾನುವಾರ ಶಂಖ ಕೈ ಬದಲಾದಾಗ ಕೆಳಗೂರಿನಲ್ಲಿ ಗುಸುಗುಸು ಎದ್ದಿತು. ದೋರೋ ಗುಸುಗುಸು ಮಾಡುವವನಲ್ಲ. ಮೀನು ಕಟ್ಟೆಯಲ್ಲಿ ನಿಂತು ಜೋರಾಗಿಯೇ ಹೇಳಿದ: "ಕಾ ಉಸ್ತೆಂಗ್ ಊದಿದ್ರೆ ಹತ್ತೋಣ. ಈ ಹುಡುಗಿ ಊದಿದ್ಲು ಅಂತ ಹಾಸಿಗೆ ಬಿಟ್ಟು ಏಳೋನು ನಾನಲ್ಲಪ್ಪ!" ಶಂಖದಿಂದ ಬಂದರೇ ತೀರ್ಥ ಅನ್ನುತ್ತೇವಲ್ಲ, ಇಲ್ಲಿ ಶಂಖವೂ ಸಾಲದು, ಊದುವ ಬಾಯಿಯೂ ಹಳೆಯದೇ ಆಗಬೇಕು.

"ಜನ ಹತ್ತದೇ ಹೋದ್ರೆ ಶಂಖ ಇದ್ದೇನು ಬಂತು ಮೇಡಂ? ಅದೊಂದೇ ನನಗೆ ನಿದ್ದೆ ಕೆಡಿಸಿರೋದು," ಎಂದು ಕಾ ಉಸ್ತೆಂಗ್ ನಿನ್ನೆ ಹೇಳಿದ್ದರು. ಆಮೇಲೆ ಸ್ವಲ್ಪ ನಾಚಿಕೊಂಡು, "ಇನ್ನೊಂದು ಆಸೆ ಇದೆ. ಇಷ್ಟು ವರ್ಷ ಎಲ್ರನ್ನೂ ಓಡಿಸ್ದೆ. ಒಂದ್ಸಲ ನಾನೂ ಶಂಖ ಕೇಳಿ ಓಡ್ಬೇಕು," ಎಂದಿದ್ದರು.

ಬೆಳಕು ಹರಿಯುತ್ತಿದೆ. ಮೇಲೆ ಹಾಡು ಗಕ್ಕನೆ ನಿಲ್ಲುತ್ತದೆ.

"ಅಪ್ಪಾ!" ಪಕ್ಕದ ಮರದ ತುದಿಯಿಂದ ಪೆಲ್ಯಾಳ ದನಿ. "ಕೋಣನ ಹೊಟ್ಟೆ ಕಾಣ್ತಿದೆ!"

"ಹೊಟ್ಟೆನೋ, ಕಾಲೋ?"

"ಹೊಟ್ಟೆ. ಕಾಲೂ ಇರಬೇಕು, ಇನ್ನೂ ಕತ್ತಲೆ. ನೀನೇ ನೋಡಪ್ಪ!"

"ನನಗೆಲ್ಲಿ ಕಾಣ್ಬೇಕು ಮಗಳೇ? ಕಣ್ಣು ನಿಂದು, ಶಂಖ ನಿಂದು."

"ತಪ್ಪಾದ್ರೆ?"

"ಗಂಜಿ."

"ಊರೆಲ್ಲ ನಗುತ್ತೆ!"

"ನಗೋಕೆ ಊರು ಇರ್ಬೇಕಲ್ಲೇ!"

ಪೆಲ್ಯಾ ಮೊದಲ ಸಲ ಊದಿದಾಗ ಬರೀ ಗಾಳಿ ಬರುತ್ತದೆ. ಎರಡನೆಯ ಸಲ ತೋಪೇ ನಡುಗಿದಂತಾಗುತ್ತದೆ. ಉದ್ದಕ್ಕೆ, ಉಸಿರು ಮುಗಿಯುವವರೆಗೆ ಊದುತ್ತಾಳೆ. ಕೆಳಗೂರಿನಲ್ಲಿ ನಾಯಿಗಳು ಬೊಗಳುತ್ತವೆ. ಬೇರೆ ಏನೂ ಇಲ್ಲ. ಒಂದು ಬಾಗಿಲೂ ತೆರೆಯುವುದಿಲ್ಲ. ಪೆಲ್ಯಾ ಮತ್ತೆ ಊದುತ್ತಾಳೆ, ಈ ಸಲ ಅಳು ಸೇರಿದೆ ಎಂದು ನನಗೆ ಅನ್ನಿಸುತ್ತದೆ.

ಆಗ ಒಂದು ಹಂದಿ ಕಿರುಚುತ್ತದೆ. ಹಗ್ಗ ಹಿಡಿದ ಹೆಂಗಸೊಬ್ಬಳು ಅದರ ಹಿಂದೆ. ಆಮೇಲೆ ಒಂದು ಬಾಗಿಲು, ನಾಲ್ಕು ಬಾಗಿಲು, ಬೀದಿಗೆ ಬೀದಿಯೇ! ಮಕ್ಕಳು ಕಂಕುಳಲ್ಲಿ, ಬಟ್ಟೆಗಂಟು ತಲೆಯ ಮೇಲೆ. ತೊಂಬತ್ತು ದಾಟಿದ ಲೋಲಾ ಸಾಬೆಲ್, ನಮ್ಮೆಲ್ಲರ ಅಜ್ಜಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ರಾಣಿಯ ಹಾಗೆ ಕೂತಿದ್ದಾಳೆ, ಮೊಮ್ಮಕ್ಕಳಿಬ್ಬರು ಹೊತ್ತು ಏದುಸಿರು ಬಿಡುತ್ತಿದ್ದಾರೆ. "ಅಲ್ಲಾಡಿಸ್ಬೇಡ್ರೋ, ಹಲ್ಲಿನ ಸೆಟ್ಟು ಬೀಳುತ್ತೆ!" ಎನ್ನುತ್ತಿದ್ದಾಳೆ.

ಕಾ ಉಸ್ತೆಂಗ್ ಮರದಿಂದ ಜಾರಿ ಇಳಿದು ನನ್ನ ಕೈ ಹಿಡಿದೆಳೆಯುತ್ತಾರೆ. "ಏನ್ ನೋಡ್ತಾ ನಿಂತಿದ್ದೀರಿ? ಓಡಿ ಮೇಡಂ, ಓಡಿ!" ಅವರ ಮುಖ ನೋಡಬೇಕಿತ್ತು. ಅಂಥ ಹೊತ್ತಿನಲ್ಲೂ ಆ ಮನುಷ್ಯ ನಗುತ್ತಿದ್ದಾರೆ.

ಇಗರ್ಜಿಯ ಅಂಗಳದಲ್ಲಿ ಊರಿಗೆ ಊರೇ ಕಡಲ ಕಡೆ ಮುಖ ಮಾಡಿ ನಿಂತಿದೆ. ಸೂರ್ಯ ಮೇಲೇರುತ್ತಾನೆ. ಕೋಣಬಂಡೆಯ ಹೊಟ್ಟೆ ಕಾಣುತ್ತದೆ, ಕಾಲು ಕಾಣುವುದಿಲ್ಲ. ಕಾಯುತ್ತೇವೆ. ನೀರು ಬರುತ್ತದೆ, ನೆಂಟರ ಮನೆಗೆ ಬಂದಂತೆ ಸಂಕೋಚದಿಂದ, ಮೆಲ್ಲಗೆ, ಕೋಣನ ಹೊಟ್ಟೆ ಮುಚ್ಚಿ ಬೆನ್ನಿನವರೆಗೆ ಬಂದು ನಿಲ್ಲುತ್ತದೆ.

"ಅಯ್ಯೋ, ಇದು ವರ್ಷಕ್ಕೊಂದ್ಸಲದ ದೊಡ್ಡ ಇಳಿತ ಕಣ್ರೋ!" ಎಂದು ಲೋಲಾ ಸಾಬೆಲ್ ಕುರ್ಚಿಯ ಕೈ ಬಡಿಯುತ್ತಾಳೆ. "ನನಗೆ ಮೊದಲೇ ಗೊತ್ತಿತ್ತು."

"ಮತ್ತೆ ಯಾಕೆ ಹತ್ತಿದ್ರಿ ಅಜ್ಜಿ?" ಎಂದು ಕುರ್ಚಿ ಹೊತ್ತು ತಂದ ಮೊಮ್ಮಗನೊಬ್ಬ ಕೇಳುತ್ತಾನೆ.

"ಶಂಖ ಊದಿದ ಮೇಲೆ ಹತ್ತದೇ ಇರ್ತಾರೇನೋ, ಮಂಕೆ?"

ಅಂಗಳದ ತುಂಬ ನಗು. ತೋಪಿನ ಕಡೆ ತಿರುಗಿ ಮಕ್ಕಳು ಶುರುಮಾಡುತ್ತಾರೆ, "ಗಂಜಿ! ಗಂಜಿ!" ದೊಡ್ಡವರೂ ದನಿಗೂಡಿಸುತ್ತಾರೆ. ಪೆಲ್ಯಾ ಮಾತ್ರ ಮರದ ತುದಿಯಲ್ಲಿ ಗರಿಯ ಮರೆಗೆ ಮುಖ ಹುದುಗಿಸಿ ಕೂತಿದ್ದಾಳೆ. ಕೊನೆಗೆ ಲುಮೆಂಗ್ ಹೋಗಿ ಬೈದು ಇಳಿಸಿಕೊಂಡು ಬರಬೇಕಾಗುತ್ತದೆ. "ನಾಳೆಯಿಂದ ಮೀನು ಕಟ್ಟೆಗೆ ಹೇಗೆ ಹೋಗ್ಲಿ ಅಮ್ಮ?" ಎಂದರೆ, "ನಡ್ಕೊಂಡು ಹೋಗು. ಈಗ ಶುಂಠಿ ಜಜ್ಜು," ಎಂಬ ಉತ್ತರ ಬರುತ್ತದೆ.

ಕಡಾಯಿ ಕುದಿಯುತ್ತಿದೆ. ಪೆಲ್ಯಾಳ ಕಣ್ಣು ಇನ್ನೂ ಕೆಂಪಗಿದೆ. ಹೊಗೆ ಎನ್ನುತ್ತಾಳೆ. ಬಟ್ಟಲು ಹಿಡಿದು ಸಾಲು ನಿಂತವರಲ್ಲಿ ಎಲ್ಲರಿಗಿಂತ ಮುಂದೆ ದೋರೋ, ಚಡ್ಡಿಯಲ್ಲೇ ಓಡಿಬಂದವನು, ಕಂಕುಳಲ್ಲಿ ಹೊಸ ಹುಂಜ.

"ಏನಪ್ಪ ದೋರೋ, ಹಾಸಿಗೆ ಬಿಟ್ಟು ಏಳಲ್ಲ ಅಂದಿದ್ದೆ?" ಎಂದು ಕೇಳುತ್ತೇನೆ.

"ಕಾಲು ನನ್ ಮಾತು ಕೇಳ್ಬೇಕಲ್ಲ ಮೇಡಂ! ಎಚ್ಚರ ಆಗೋ ಹೊತ್ತಿಗೆ ಅರ್ಧ ಗುಡ್ಡ ಹತ್ತಿಬಿಟ್ಟಿದ್ದೆ," ಎಂದವನು ಪೆಲ್ಯಾಳತ್ತ ಬಟ್ಟಲು ಚಾಚುತ್ತಾನೆ. "ಮೊಟ್ಟೆ ಇಲ್ವೇನಮ್ಮ?"

ಅವನ ಹಿಂದೆಯೇ ಕಾ ಉಸ್ತೆಂಗ್ ನಿಂತಿದ್ದಾರೆ. ಬಡಿಸಿಯೇ ಗೊತ್ತಿದ್ದ ಮನುಷ್ಯ ಇವತ್ತು ಮೊದಲ ಸಲ ಬಟ್ಟಲು ಹಿಡಿದಿದ್ದಾರೆ. ಮಗಳು ಹಾಕಿದ ಗಂಜಿಯನ್ನು ಊದಿ ಊದಿ ಕುಡಿದು, ಉಪ್ಪು ಕಡಿಮೆ ಎಂದು ಗೊಣಗಿ, ಇನ್ನೊಂದು ಬಟ್ಟಲು ಹಾಕಿಸಿಕೊಂಡು ಬಂದು ನನ್ನ ಪಕ್ಕ ಮೆಟ್ಟಿಲ ಮೇಲೆ ಕೂರುತ್ತಾರೆ. ಮಂಜು ಕಟ್ಟಿದ ಕಣ್ಣಿನಲ್ಲೇ ಅಂಗಳವನ್ನೆಲ್ಲ ಒಮ್ಮೆ ನೋಡುತ್ತಾರೆ.

"ಬರ್ಕೊಳ್ಳಿ ಮೇಡಂ," ಎನ್ನುತ್ತಾರೆ. "ನಾನು ಮೊದಲ್ನೇ ಸಲ ಊದಿದಾಗ ಅರ್ಧ ಊರು ಹತ್ತಿತ್ತು. ನನ್ ಮಗಳಿಗೆ ದೋರೋನೂ ಹತ್ತಿದ."