ಹರಿಹರದ ಬಸ್ಸಿಗೆ ಎಸೆದ ಕರ್ಚೀಫು

ಮೊನ್ನೆ ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಬಸ್ಸೊಂದು ನನ್ನ ಕರ್ಚೀಫನ್ನು ತಿರಸ್ಕರಿಸಿತು. ಹೊಸ ಬಸ್ಸು. ಹೊಗೆಯಿಲ್ಲ, ಸದ್ದಿಲ್ಲ, ಹೊಸ ಬೀಗರು ಬಂದ ಹಾಗೆ ಮೆಲ್ಲಗೆ ಬಂದು ನಿಂತಿತು. ನಾನು ಯಥಾಪ್ರಕಾರ ಕಿಟಕಿಯ ಕಡೆ ಓಡಿ ಗುರಿಯಿಟ್ಟು ಕರ್ಚೀಫು ಎಸೆದೆ. ಅದು ಗಾಜಿಗೆ ತಾಗಿ, ಜಾರಿ, ನನ್ನ ಕಾಲ ಬಳಿಯೇ ಬಿತ್ತು. ಆ ಬಸ್ಸಿನ ಕಿಟಕಿಗಳು ತೆರೆಯುವುದೇ ಇಲ್ಲವಂತೆ. ಒಳಗೆ ತಂಪು ಗಾಳಿ ಬಿಡುತ್ತಾರಂತೆ. ಸೀಟಿನಲ್ಲಿ ಕೂತಿದ್ದ ಕಾಲೇಜು ಹುಡುಗಿಯೊಬ್ಬಳು ಕಿವಿಯ ವೈರು ತೆಗೆದು ನನ್ನನ್ನೇ ನೋಡಿದಳು. ಹಿಂದೆ ನಿಂತಿದ್ದ ನನ್ನ ಹೆಂಡತಿ ಗಿರಿಜಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನೀವು ಅಲ್ಲಿದ್ದರೆ ನೀವೂ ನಗುತ್ತಿದ್ದಿರಿ, ಇಲ್ಲ ಎನ್ನಬೇಡಿ.

ನಗುವುದು ಇರಲಿ. ನನಗೆ ಎದೆ ಧಸಕ್ಕೆಂದದ್ದು ಬೇರೆ ಕಾರಣಕ್ಕೆ. ಕಿಟಕಿಯೇ ತೆರೆಯದ ಬಸ್ಸುಗಳು ಬಂದುಬಿಟ್ಟರೆ ಮುಂದಿನವರು ಕರ್ಚೀಫನ್ನು ಎಲ್ಲಿ ಎಸೆಯಬೇಕು? ಕರ್ಚೀಫು ಎಸೆಯಲಾಗದ ಸಮಾಜದ ಗತಿಯೇನು? ನೀವು ಇದನ್ನು ಅತಿಯಾಯಿತು ಎನ್ನಬಹುದು. ಆದರೆ ನನ್ನ ಇಡೀ ಸಂಸಾರ ನಿಂತಿರುವುದೇ ಒಂದು ಕರ್ಚೀಫಿನ ಮೇಲೆ. ಅದನ್ನು ಹೇಳಿದರೆ ನಿಮಗೂ ನನ್ನ ಗಾಬರಿ ಅರ್ಥವಾದೀತು.

ನಮ್ಮ ಕಡೆ ಬಸ್ಸಿಗೆ ಒಂದು ಕಾನೂನಿದೆ. ಬಸ್ಸು ಇನ್ನೂ ನಿಂತಿರುವುದಿಲ್ಲ, ಅಷ್ಟರಲ್ಲಿ ಮನೆಮಂದಿಯಲ್ಲಿ ಚುರುಕಾದವರು ಓಡಿಹೋಗಿ ಕಿಟಕಿಯೊಳಗೆ ಕರ್ಚೀಫು ಎಸೆಯಬೇಕು. ಅದು ಯಾವ ಸೀಟಿನ ಮೇಲೆ ಬಿತ್ತೋ ಆ ಸೀಟು ನಿಮ್ಮದು. ಕರ್ಚೀಫು ಇಲ್ಲದಿದ್ದರೆ ಟವೆಲ್ಲು, ಟವೆಲ್ಲು ಇಲ್ಲದಿದ್ದರೆ ಚೀಲ, ಪುಸ್ತಕ, ಕುಂಬಳಕಾಯಿ. ಇದನ್ನು ಯಾವ ಸರಕಾರವೂ ಬರೆದಿಟ್ಟಿಲ್ಲ, ಆದರೂ ಮೀರುವವರಿಲ್ಲ. ಒಬ್ಬರ ಕರ್ಚೀಫನ್ನು ಎತ್ತಿಟ್ಟು ಕೂತವನನ್ನು ಇಡೀ ಬಸ್ಸು ಊರು ಮುಟ್ಟುವವರೆಗೆ ನೋಡುತ್ತದೆ. ಆ ನೋಟವನ್ನು ತಡೆದುಕೊಂಡ ಗಂಡಸನ್ನು ನಾನಿನ್ನೂ ಕಂಡಿಲ್ಲ.

ಈ ಕರ್ಚೀಫಿಗೂ ಬ್ರಹ್ಮಾಂಡಕ್ಕೂ ಗಂಟು ಹಾಕಿದವನು ನನ್ನ ಕೊಟ್ರಪ್ಪ ಕಾಕಾ. ನನ್ನ ತಂದೆಯ ತಮ್ಮ. ದಾವಣಗೆರೆಯ ಆನೆಕೊಂಡದಲ್ಲಿ ಅವನಿಗೆ ಮಂಡಕ್ಕಿ, ಮೆಣಸಿನಕಾಯಿ ಬಜಿಯ ಅಂಗಡಿ. ಕಟ್ಟಿಕೊಡಲು ಹಳೆಯ ಪೇಪರುಗಳನ್ನು ಕೊಳ್ಳುತ್ತಿದ್ದ, ಕಟ್ಟುವ ಮುಂಚೆ ಓದುತ್ತಿದ್ದ. ಕಾಕಾನಿಗೆ ರಾಜಕೀಯ ಬೇಡ, ಕ್ರಿಕೆಟ್ ಬೇಡ. ಭಾನುವಾರದ ವಿಜ್ಞಾನದ ಪುಟ ಸಿಕ್ಕರೆ ಬಾಣಲೆಯಲ್ಲಿ ಬಜಿ ಸೀದರೂ ಗೊತ್ತಾಗುತ್ತಿರಲಿಲ್ಲ. ತೊಂದರೆ ಏನೆಂದರೆ, ಅವನು ಅರ್ಧ ಓದುವಷ್ಟರಲ್ಲಿ ಗಿರಾಕಿ ಬಂದು ಉಳಿದರ್ಧ ಹರಿದು ಬಜಿಯ ಜೊತೆ ಹೋಗಿಬಿಡುತ್ತಿತ್ತು. ಹೀಗಾಗಿ ಕಾಕಾನಿಗೆ ಬ್ರಹ್ಮಾಂಡದ ಎಲ್ಲ ವಿಷಯಗಳೂ ಅರ್ಧರ್ಧ ಗೊತ್ತಿದ್ದವು. ಕಪ್ಪುರಂಧ್ರದೊಳಗೆ ಹೋದ ಬೆಳಕು ಏನಾಗುತ್ತದೆ ಎಂದು ಯಾರಾದರೂ ಕೇಳಿದರೆ, "ಒಳಗೆ ಹೋಗೋ ತನಕ ಗೊತ್ತೈತಪಾ, ಮುಂದಿಂದು ಹದಡಿ ಗೌಡ್ರ ಮನಿಗೆ ಹೋತು" ಅನ್ನುತ್ತಿದ್ದ.

ಅರ್ಧ ಗೊತ್ತಿದ್ದವನಿಗೆ ಉತ್ಸಾಹ ಹೆಚ್ಚು. ಭವಿಷ್ಯದ ಬಗ್ಗೆ ಕಾಕಾ ಮಾತು ತೆಗೆದನೆಂದರೆ ಅಂಗಡಿಯ ಮುಂದಿನ ಬೆಂಚು ಖಾಲಿಯಾಗುತ್ತಿರಲಿಲ್ಲ. ಮುಂದೊಂದು ದಿನ ಕೆಲಸವನ್ನೆಲ್ಲ ಯಂತ್ರಗಳೇ ಮಾಡುತ್ತವೆ, ಮನುಷ್ಯನಿಗೆ ಕೂತು ತಿನ್ನುವುದು, ಮಾತಾಡುವುದು ಎರಡೇ ಉಳಿಯುತ್ತವೆ ಎಂದು ಎಲ್ಲೋ ಓದಿದ್ದ. ಬೆಂಚಿನ ಮೇಲೆ ಕೂತು ಬಜಿ ತಿನ್ನುತ್ತಿದ್ದವರನ್ನು ಒಮ್ಮೆ ನೋಡಿ, "ಹಂಗಾದ್ರೆ ನಮ್ಮ ದಾವಣಗೆರಿ ಆಗ್ಲೇ ಮುಂದಿನ ಕಾಲದಾಗೈತೆ ಬಿಡ್ರಿ" ಎಂದ. ಅವರಿಗೆ ಬಹಳ ಹೆಮ್ಮೆಯಾಯಿತು, ಇನ್ನೊಂದೊಂದು ಪ್ಲೇಟು ಹೇಳಿದರು.

ಮನುಷ್ಯನ ವಿಷಯಕ್ಕೆ ಬಂದರೆ ಮಾತ್ರ ಕಾಕಾ ಸ್ವಲ್ಪ ಬಿರುಸು. "ಮನುಷ್ಯ ಅಂದ್ರೆ ಯಾರು? ಕರ್ಚೀಫ್ ಹಾಕಿದೋನು. ಭೂಮಿ ಮ್ಯಾಲೆ ಒಂದು ಬಟ್ಟಿತುಂಡು ಒಗೆದು ಇದು ನಂದು ಅಂತಾನೆ. ಬಸ್ಸು ಯಾರದು, ಎಲ್ಲಿಗೆ ಹೊಂಟೈತೆ, ಮುಂದೆ ಡ್ರೈವರ್ ಅದಾನೋ ಇಲ್ಲೋ, ಒಂದೂ ತಿಳಿದಿಲ್ಲ. ಜೋರು ಮಾತ್ರ ಮಾಲೀಕಂದು." ಇದು ಅವನ ಸಿದ್ಧಾಂತ. ಇದನ್ನು ಅವನು ಹಾಲಿನವನಿಗೂ ಹೇಳಿದ್ದ, ಪಶುವೈದ್ಯರಿಗೂ ಹೇಳಿದ್ದ. ನನಗೆ ಹೆಣ್ಣು ನೋಡಲು ಹೋದ ಮನೆಯಲ್ಲೂ ಹೇಳುತ್ತಾನೆಂದು ಮಾತ್ರ ನಾನು ಎಣಿಸಿರಲಿಲ್ಲ.

ಈಗ ಗುಟ್ಟು ಹೇಳಬೇಕು. ಆಗ ನಾನು ವಿದ್ಯಾನಗರದ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತ. ಹರಿಹರದಿಂದ ದಿನವೂ ಬಸ್ಸಿನಲ್ಲಿ ಆ ಕಾಲೇಜಿಗೆ ಬರುವ ಹುಡುಗಿಯರ ಒಂದು ಹಿಂಡಿತ್ತು. ಸಂಜೆ ನಿಲ್ದಾಣದಲ್ಲಿ ಅವರ ಪೈಕಿ ಒಬ್ಬಳು ದುಪಟ್ಟಾ ಸೊಂಟಕ್ಕೆ ಬಿಗಿದು ಮೊದಲು ಓಡುವಳು. ಕಿಟಕಿಯಿಂದ ಕಿಟಕಿಗೆ ಗೆಳತಿಯರ ಕರ್ಚೀಫು, ಪುಸ್ತಕ, ಟಿಫಿನ್ ಡಬ್ಬಿ ಎಸೆಯುವಳು. ಎಲ್ಲರನ್ನೂ ಕೂರಿಸಿ ತಾನು ಕಂಬಿ ಹಿಡಿದು ನಿಂತು ಹೋಗುವಳು. ನನಗೆ ಅವಳ ಹೆಸರು ಗೊತ್ತಿರಲಿಲ್ಲ, ಆದರೆ ಮದುವೆಯಾದರೆ ಇವಳನ್ನೇ ಎಂದು ಗಟ್ಟಿಯಾಗಿತ್ತು. ಯಾರಿಗೂ ಹೇಳುವ ಧೈರ್ಯವಿಲ್ಲ. ಅಂಥದ್ದರಲ್ಲಿ ಹರಿಹರದ ಕಬ್ಬಿಣದಂಗಡಿ ಸಿದ್ದಲಿಂಗಪ್ಪನವರ ಮಗಳು ಗಿರಿಜಾಳ ಫೋಟೋ ಮನೆಗೆ ಬಂತು. ನೋಡಿದರೆ ಅವಳೇ. ನಾನು ಫೋಟೋವನ್ನು ತಲೆಕೆಳಗಾಗಿ ಹಿಡಿದಿದ್ದೆ ಎಂದು ನನ್ನ ತಾಯಿ ಆಮೇಲೆ ಬಹಳ ವರ್ಷ ಹೇಳಿಕೊಂಡು ನಗುತ್ತಿದ್ದಳು.

ತಂದೆಗೆ ಅಂದು ಜ್ವರ. ಹಿರಿಯನೆಂದು ನನ್ನ ಜೊತೆ ಹೊರಟವನು ಕಾಕಾ. ರಾಹುಕಾಲಕ್ಕೆ ಮುಂಚೆ ಮನೆ ಮುಟ್ಟಬೇಕು, ಮಾತು ಕಡಿಮೆ ಆಡಬೇಕು, ಹೂವು ಹಣ್ಣು ಕಾಯಿಯ ಚೀಲವನ್ನು ಹೋದ ಕೂಡಲೇ ಕೊಡಬೇಕು ಎಂದು ತಾಯಿ ಮೂರು ಮಾತು ಹೇಳಿ ಕಳಿಸಿದಳು. ಮೊದಲು ಎಡವಟ್ಟಾದದ್ದು ಚೀಲದ ವಿಷಯದಲ್ಲಿ. ನಿಲ್ದಾಣದ ಗೇಟಿನ ಹತ್ತಿರ ಬಸ್ಸೊಂದು ನಿಧಾನವಾಗಿದ್ದು ಕಂಡದ್ದೇ ಕಾಕಾ ಪಂಚೆ ಎತ್ತಿ ಓಡಿದ. ಶುಭಕಾರ್ಯಕ್ಕೆ ಹೋಗುವಾಗ ಬಜಿಯ ಎಣ್ಣೆ ಒರೆಸಿದ ಕರ್ಚೀಫು ಯಾಕೆ ಎಂದು ಹಣ್ಣುಕಾಯಿಯ ಚೀಲವನ್ನೇ ಕಿಟಕಿಯೊಳಗೆ ತೂರಿದ. ಬಹಳ ಚೆನ್ನಾಗಿ ತೂರಿದ, ಸೀಟಿನ ನಡುಮಧ್ಯ ಕೂತಿತು. ಆದರೆ ಅದು ಒಳಗೆ ಬರುತ್ತಿದ್ದ ಬಸ್ಸಲ್ಲ, ಹೊರಗೆ ಹೊರಟಿದ್ದ ಬಸ್ಸು, ಹೋಗುತ್ತಿದ್ದದ್ದು ಚಿತ್ರದುರ್ಗಕ್ಕೆ. ನಾವು ಬಾಯಿ ಬಿಟ್ಟು ನೋಡುತ್ತಿರುವಂತೆಯೇ ನನ್ನ ಶುಭಕಾರ್ಯ ಗೇಟು ದಾಟಿ ಎಡಕ್ಕೆ ತಿರುಗಿತು.

"ಹೋಗ್ಲಿ ಬಿಡು, ದುರ್ಗದಾಗೆ ಯಾರ್ದೋ ಲಗ್ನ ಗಟ್ಟಿ ಆಗ್ತೈತೆ" ಎಂದ ಕಾಕಾ. ಆಗ ನನಗೆ ಅವನನ್ನು ಆ ಬಸ್ಸಿನ ಹಿಂದೆ ಓಡಿಸಬೇಕೆನಿಸಿತು. ಮತ್ತೆ ಹಣ್ಣು ಕೊಳ್ಳುತ್ತ ನಿಂತರೆ ರಾಹುಕಾಲ. ಸಿಕ್ಕ ಬಸ್ಸು ಹತ್ತಿ, ಹರಿಹರದಲ್ಲಿಳಿದು, ಓಡುತ್ತಲೇ ಅವರ ಮನೆ ಸೇರಿದೆವು. ಕಾಕಾನ ಕಂಕುಳಲ್ಲಿ ತನ್ನ ತಂಗಿಯ ಮಕ್ಕಳಿಗೆಂದು ಇಟ್ಟುಕೊಂಡಿದ್ದ ಮಂಡಕ್ಕಿಯ ಪೊಟ್ಟಣ ಒಂದಿತ್ತು. ಅವನು ಅದನ್ನೇ ಎರಡು ಕೈಯಲ್ಲಿ ಹಿಡಿದು ಸಿದ್ದಲಿಂಗಪ್ಪನವರಿಗೆ ಕೊಟ್ಟ.

ಸಿದ್ದಲಿಂಗಪ್ಪನವರು ಹಣೆತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಅಳೆದು ಮಾತಾಡುವ ಮನುಷ್ಯ. ಹೆಣ್ಣು ನೋಡಲು ಬಂದವರು ಮಂಡಕ್ಕಿ ಕೊಟ್ಟರೆ ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಪೊಟ್ಟಣವನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು, "ಕೂಡ್ರಿ" ಎಂದರು. ನನ್ನ ಮದುವೆ ಅಲ್ಲಿಗೆ ಮುಗಿಯಿತೆಂದುಕೊಂಡೆ. ಕಾಕಾ ಮಾತ್ರ ಪೊಟ್ಟಣ ತೋರಿಸಿ ಬಾಯಿ ಬಿಟ್ಟ. "ಇದು ಬರೇ ಮಂಡಕ್ಕಿ ಅನ್ಕಬ್ಯಾಡ್ರಿ. ಕಾದ ಮರಳಿಗೆ ಒಂದು ಅಕ್ಕಿಕಾಳು ಬಿತ್ತು ಅಂದ್ರೆ ಎಷ್ಟು ಅರಳ್ತೈತೆ? ಹಂಗ ಅರಳಿದ್ದರಿ ಈ ಬ್ರಹ್ಮಾಂಡ."

"ಹುರಿದೋರು ಯಾರು?" ಎಂದರು ಸಿದ್ದಲಿಂಗಪ್ಪನವರು.

"ಆ ಪುಟ ಸಿಗಲಿಲ್ರಿ" ಎಂದ ಕಾಕಾ, ಪ್ರಾಮಾಣಿಕವಾಗಿ.

ಅಷ್ಟರಲ್ಲಿ ಹುಡುಗಿ ಅವಲಕ್ಕಿಯ ತಟ್ಟೆ ಹಿಡಿದು ಬಂದಳು. ನನ್ನನ್ನು ನೋಡಿ, ಆಫೀಸಿನ ಕಿಟಕಿಯ ಹಿಂದಿನ ಮುಖ ಇದೇ ಎಂದು ಗುರುತು ಹಿಡಿದು, ಕಣ್ಣು ಕೆಳಗೆ ಮಾಡಿದಳು. ಹಾಡು ಬರುತ್ತದೆಯೇ, ಅಡುಗೆ ಬರುತ್ತದೆಯೇ ಎಂದು ಕೇಳಬೇಕಾದ ಹಿರಿಯ ನನ್ನ ಕಾಕಾ. ಅವನು ತಟ್ಟೆ ತೆಗೆದುಕೊಂಡು, "ಏನವಾ, ಸಾವಿರ ವರ್ಷ ಆದಮ್ಯಾಲೆ ಮನುಷ್ಯ ಇರ್ತಾನಾ?" ಎಂದು ಕೇಳಿದ. ಕೇಳಿ ಸುಮ್ಮನಿದ್ದನೇ? ಭೂಮಿ, ಸೀಟು, ಬಟ್ಟೆತುಂಡು, ಇಲ್ಲದ ಡ್ರೈವರು, ಪೂರ್ತಿ ಸಿದ್ಧಾಂತವನ್ನು ಅವಲಕ್ಕಿ ಆರುವವರೆಗೆ ಹೇಳಿದ. ಒಳಮನೆಯಲ್ಲಿ ಬಳೆಗಳ ಸದ್ದು ನಿಂತುಹೋಯಿತು. ನಾನು ನನ್ನ ಕಾಲಿನ ಹೆಬ್ಬೆರಳನ್ನೇ ನೋಡುತ್ತ ಕೂತೆ.

ಹುಡುಗಿ ನಗಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳು. "ಒಬ್ಬರೇ ಇದ್ರೆ ಕರ್ಚೀಫ್ ಯಾಕ ಬೇಕ್ರಿ? ನುಗ್ಗಿ ಕೂತ್ರೆ ಆತು. ಹಿಂದೆ ಯಾರೋ ಬರ್ತಾ ಅದಾರೆ ಅಂತ ತಾನೆ ಹಾಕೋದು. ನಾನು ದಿನಾ ಹಾಕ್ತೀನಿ, ನನಗೆ ಅಂತ ಒಂದಿನಾನೂ ಹಾಕಿಲ್ಲ. ಮನುಷ್ಯಾನೂ ಹಿಂದೆ ಬರೋರಿಗೆ ಅಂತ ಹಾಕಿರಬೇಕು. ಅವರು ಬಂದ್ರೆ ಸಾವಿರ ವರ್ಷ ಏನ್ರಿ, ಇನ್ನೂ ಮ್ಯಾಲೆ ಇರ್ತಾನೆ."

ಕಾಕಾನ ಕೈಯಲ್ಲಿದ್ದ ಅವಲಕ್ಕಿ ಬಾಯಿಗೆ ಹೋಗಲಿಲ್ಲ. ಅಷ್ಟು ವರ್ಷ ಅವನ ಸಿದ್ಧಾಂತಕ್ಕೆ ಯಾರೂ ಎದುರು ಮಾತಾಡಿರಲಿಲ್ಲ, ಬಜಿ ತಿಂದು ಹೋಗಿದ್ದರು ಅಷ್ಟೆ. ನಾನಂತೂ ಆ ಹುಡುಗಿ ನನಗೆ ಸಿಗದೆ ಹೋದರೆ ಬದುಕು ಹೇಗೆ ಎಂದು ಹೆದರಿದೆ. ಸಿದ್ದಲಿಂಗಪ್ಪನವರು ಎದ್ದು ನಿಂತರು. "ಆತು, ಹೇಳಿ ಕಳಿಸ್ತೀವಿ" ಎಂದರು. ನಮ್ಮ ಸೀಮೆಯಲ್ಲಿ ಹೇಳಿ ಕಳಿಸುತ್ತೇವೆ ಎಂದರೆ ಏನರ್ಥ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಬಂದವರನ್ನು ಬಸ್ಸಿನವರೆಗೆ ಕಳಿಸಿಬರುವುದು ಅವರ ಮನೆಯ ಪದ್ಧತಿಯಂತೆ. ಆದ್ದರಿಂದ ಸಿದ್ದಲಿಂಗಪ್ಪನವರು ಜೊತೆಗೆ ಬಂದರು. ನಿಲ್ದಾಣದಲ್ಲಿ ಕಾಲಿಡಲು ಜಾಗವಿಲ್ಲ. ದಾವಣಗೆರೆಯ ಬಸ್ಸು ಬಂದಾಗ ಜನ ಮುಗಿಬಿದ್ದರು. ಓಡುವ ಉಮೇದು ನನಗಿರಲಿಲ್ಲ, ನಿಂತೇ ಹೋದರಾಯಿತು ಎಂದುಕೊಂಡೆ. ಆಗ ನೋಡಿ, ಆ ಇಸ್ತ್ರಿ ಅಂಗಿಯ, ಅಳೆದು ಮಾತಾಡುವ ಮನುಷ್ಯ ಪಂಚೆ ಎತ್ತಿ ಕಟ್ಟಿದರು. ಮೊಣಕೈಯಲ್ಲಿ ಜನರನ್ನು ಸರಿಸುತ್ತ ಓಡಿದರು. ಜೇಬಿನಿಂದ ಮಡಿಸಿದ ಬಿಳಿ ಕರ್ಚೀಫು ತೆಗೆದು ಕಿಟಕಿಯೊಳಗೆ ಎಸೆದರು. ತಿರುಗಿ ನನ್ನ ಕಡೆ ಕೈ ಬೀಸಿ, "ಬರ್ರಿ, ಬರ್ರಿ, ಹಿಡಿದೀನಿ" ಎಂದು ಕೂಗಿದರು.

ನಾನು ಹೋಗಿ ಕೂತೆ. ಬಸ್ಸು ಹೊರಡುವಾಗ ಕಿಟಕಿಯಿಂದ ಕರ್ಚೀಫು ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ. "ಇರ್ಲಿ, ಬರೋವಾಗ ತರ್ರಿ. ಈ ಸಲ ಹಣ್ಣುಕಾಯಿ ಮರೀಬ್ಯಾಡ್ರಿ" ಎಂದರು. ಪಕ್ಕದಲ್ಲಿ ಕೂತ ಕಾಕಾ ನನ್ನ ತೊಡೆ ಚಿವುಟಿದ. ಬೇಡವಾದ ಮನೆಯವರಿಗೆ ನಮ್ಮಲ್ಲಿ ಯಾರೂ ಕರ್ಚೀಫು ಹಾಕುವುದಿಲ್ಲ. ಹೊಳೆದಂಡೆಯ ಹರಿಹರ ಹಿಂದಾಗಿ ದಾವಣಗೆರೆ ಬರುವವರೆಗೆ ನಾವಿಬ್ಬರೂ ಹುಚ್ಚರ ಹಾಗೆ ನಕ್ಕೆವು.

ಕಾಕಾ ಈಗ ಇಲ್ಲ. ನೆನಪಾದರೆ ಬಹಳ ಬೇಜಾರಾಗುತ್ತದೆ. ಒಮ್ಮೆ ಅವನ ಪ್ರಶ್ನೆಯನ್ನೇ ಮೊಬೈಲಿನಲ್ಲಿರುವ ಯಂತ್ರಕ್ಕೆ ಕೇಳಿದೆ, ಸಾವಿರ ವರ್ಷದ ಮೇಲೆ ಮನುಷ್ಯ ಇರುತ್ತಾನೆಯೇ ಎಂದು. ಅದು ಬಹಳ ವಿನಯದಿಂದ ಉದ್ದಕ್ಕೆ ಉತ್ತರ ಕೊಟ್ಟಿತು. ಎಲ್ಲ ಪುಟವೂ ಇತ್ತು, ಎಲ್ಲೂ ಹರಿದಿರಲಿಲ್ಲ, ಎಣ್ಣೆಯ ಕಲೆಯೂ ಇರಲಿಲ್ಲ. ನಾನು ಅರ್ಧಕ್ಕೆ ಓದಿ ಬಿಟ್ಟೆ.

ಇನ್ನು ಮೊನ್ನೆಯ ಬಸ್ಸಿಗೆ ಬರೋಣ. ಗಿರಿಜಾಳ ಅಣ್ಣನ ಮೊಮ್ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಹರಿಹರಕ್ಕೆ ಹೊರಟಿದ್ದೆವು. ಗಾಜು ವಾಪಸು ಕೊಟ್ಟ ಕರ್ಚೀಫನ್ನು ಅವಳು ನೆಲದಿಂದೆತ್ತಿ, ಕೊಡವಿ, ಬಾಗಿಲಿನ ಕಡೆ ನಡೆದಳು. ವಯಸ್ಸಾದರೂ ಅವಳ ಚುರುಕು ಹೋಗಿಲ್ಲ. ನಾನು ಚೀಲ ಹಿಡಿದ ಹೆಂಗಸರ ಹಿಂದೆ ಸಿಕ್ಕಿಬಿದ್ದು ಒಳಗೆ ಸೇರುವಷ್ಟರಲ್ಲಿ ಅವಳು ಕಿಟಕಿ ಪಕ್ಕ ಕೂತು, ಪಕ್ಕದ ಸೀಟಿಗೆ ಕರ್ಚೀಫು ಹಾಸಿಯಾಗಿತ್ತು. ಕಿಟಕಿ ಹೋದರೂ ಕರ್ಚೀಫು ಉಳಿಯಿತಲ್ಲ ಎಂದು ಖುಷಿಯಿಂದ ಕೂರಲು ಬಗ್ಗಿದೆ. ಅವಳು ಕೈ ಅಡ್ಡ ಇಟ್ಟಳು.

"ನಿಮಗಲ್ಲ."

"ಮತ್ಯಾರಿಗೆ?"

ಅವಳು ಗಾಜಿನಾಚೆ ತೋರಿಸಿದಳು. ಕಂಕುಳಲ್ಲಿ ಕೂಸು, ಹೆಗಲಲ್ಲಿ ಚೀಲ, ಒಬ್ಬ ಹೆಂಗಸು ನಿಲ್ದಾಣದ ಆ ತುದಿಯಿಂದ ಓಡಿಬರುತ್ತಿದ್ದಳು.

"ಯಾರಾಕಿ?"

"ನನಗೇನ್ ಗೊತ್ತು. ಬರ್ತಾ ಅದಾಳಲ್ಲ."

ಆಕೆ ಬಂದಳು, ಏದುಸಿರು ಬಿಡುತ್ತ ಕೂತಳು. ನಾನು ಕಂಬಿ ಹಿಡಿದು ನಿಂತೆ. ಹರಿಹರದವರೆಗೆ ನಿಂತೇ ಹೋದೆ, ಮೊಣಕಾಲು ನೋಯುತ್ತಿತ್ತು, ಆದರೂ ನಗು ತಡೆಯಲಾಗುತ್ತಿರಲಿಲ್ಲ. ಇಳಿಯುವಾಗ ನೋಡಿದರೆ ನನ್ನ ಕರ್ಚೀಫು ಕೂಸಿನ ಮುಷ್ಟಿಯಲ್ಲಿತ್ತು. ತಾಯಿ ಎಳೆದರೆ ಬಿಡಲೊಲ್ಲದು. "ಕೊಡಪಾ, ಅಜ್ಜಂದು ಅದು" ಎಂದು ಆಕೆ ಬೆರಳು ಬಿಡಿಸಲು ನೋಡಿದಳು.

"ಇರ್ಲಿ ಬಿಡವಾ" ಎಂದೆ. "ಮುಂದೆ ಅವನಿಗೆ ಬೇಕಾಗ್ತೈತೆ."